ವೇದಿಕೆ ಇಲ್ಲದ ರಾಜ್ಯೋತ್ಸವ

ಬೆಸ್ಟ್
ನೆದರ್ಲೆಂಡ್ಸ್
೧೪ ಜೂನ್ ೨೦೨೦

ರಜನಿ,

ಎಂಟು ವರ್ಷದ ಸ್ನೇಹದಲ್ಲಿ ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ವಾಟ್ಸಾಪಿನಲ್ಲಿ ಬರೆದರೆ ಸಂಜೆಯೊಳಗೆ ಅದು ಸ್ಕ್ರೀನ್‌ಶಾಟ್ ಆಗಿ ಕಮಿಟಿಯವರೆಲ್ಲರ ಕೈ ಸೇರುತ್ತದೆ. ಫೋನ್ ಮಾಡಿದರೆ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಯಾರ ಕಿವಿಗೂ ಏನೂ ಬೀಳುವುದಿಲ್ಲ. ಕಾಗದವಾದರೆ ಮುಗಿಯುವ ತನಕ ನೀನು ನನ್ನ ಬಾಯಿ ಮುಚ್ಚಿಸಲಾರೆ.

ನಿನ್ನೆ ಜೂಮ್ ಸಭೆಯ ಮಧ್ಯೆ ನಾನು ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಎದ್ದುಹೋದೆ. ಕಾರಣ ಹೇಳದೆ ಹೋಗುವುದು ಯಾವ ಸೀಮೆ ಮರ್ಯಾದೆ ಎಂದು ನೀನು ಎಲ್ಲರೆದುರು ಕೇಳಿದೆ. ಕಾರಣ ಅನಂತರಾಮ.

ಯಾರು ಎಂದು ತಕ್ಷಣ ನೆನಪಾಗಲಿಲ್ಲ ಅಲ್ಲವೇ? ನನಗೂ ಆಗಿರಲಿಲ್ಲ. ಧಾರವಾಡದ ಕಡೆಯವರು. ಹೆಂಡತಿ ಪ್ರಭಾ. ನಾಲ್ಕು ವರ್ಷ ನಮ್ಮ ಒಂದೇ ಒಂದು ದೀಪಾವಳಿಯನ್ನೂ ರಾಜ್ಯೋತ್ಸವವನ್ನೂ ಅವರು ತಪ್ಪಿಸಿಲ್ಲ. ಹಿಂದಿನಿಂದ ಎರಡನೇ ಸಾಲಿನಲ್ಲಿ ಕೂರುತ್ತಿದ್ದರು, ಊಟ ಮಾಡಿ ಹೋಗುತ್ತಿದ್ದರು. ಏಪ್ರಿಲ್‌ನಲ್ಲಿ ಕೊರೊನಾ ಬಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಮೂವತ್ತು ಜನ ಬರಬಹುದೆಂದು ಸರ್ಕಾರ ಹೇಳಿತ್ತು. ಬಂದವರು ಮೂವರು. ಪ್ರಭಾ, ಪಕ್ಕದ ಮನೆಯ ಡಚ್ ಅಜ್ಜ, ಆಫೀಸಿನ ಒಬ್ಬ ಸಹೋದ್ಯೋಗಿ.

ನಮ್ಮ ಸಂಘದಲ್ಲಿ ನಾನೂರ ಹನ್ನೆರಡು ಸದಸ್ಯರಿದ್ದಾರೆ. ಸುದ್ದಿ ಬಂದ ದಿನ ಗುಂಪಿನಲ್ಲಿ ಬಿದ್ದ ಕೈಮುಗಿದ ಚಿತ್ರಗಳು ನೂರ ಎಂಬತ್ತೆಂಟು. ಮೊನ್ನೆ ಕೂತು ಎಣಿಸಿದೆ. ಅದರಲ್ಲಿ ಒಂದು ನನ್ನದು. ಈ ಅನಂತರಾಮ ಯಾರು ಎಂದು ಯೋಚಿಸದೆ ಒತ್ತಿ, ಒಲೆಯ ಮೇಲೆ ಉಕ್ಕುತ್ತಿದ್ದ ಹಾಲಿನ ಕಡೆ ಓಡಿದ್ದೆ. ಆ ಸಹೋದ್ಯೋಗಿ ಇದೇ ಊರಿನವರು, ಅವರೇ ಮೊನ್ನೆ ಎಲ್ಲ ಹೇಳಿದ್ದು. ಗಂಡ ಆಸ್ಪತ್ರೆಯಲ್ಲಿದ್ದಾಗ ಪ್ರಭಾ ನಮ್ಮ ಹಳೆಯ ಕಾರ್ಯಕ್ರಮದ ಪ್ರವೇಶಪತ್ರದ ಹಿಂದೆ ಅಚ್ಚಾಗಿದ್ದ ಸಂಘದ ನಂಬರಿಗೆ ಫೋನ್ ಮಾಡಿದ್ದರಂತೆ. ಯಾರೂ ಎತ್ತಲಿಲ್ಲವಂತೆ.

ಎಂಟು ವರ್ಷ ನಾವು ಕಟ್ಟಿದ್ದು ಏನು, ಹೇಳು? ಕುರ್ಚಿಗಳೆಲ್ಲ ವೇದಿಕೆಯ ಕಡೆಗೆ. ನಾಲ್ಕು ಗಂಟೆ ಕಾರ್ಯಕ್ರಮ, ಅರ್ಧ ಗಂಟೆ ಊಟ. ಸಭಾಂಗಣದಲ್ಲಿ ಜನ ನೋಡಿದ್ದು ಮುಂದಿನವರ ಕತ್ತು, ಊಟದ ಕ್ಯೂನಲ್ಲಿ ನೋಡಿದ್ದೂ ಮುಂದಿನವರ ಕತ್ತೇ. ಮುಖ ನೋಡಿದ್ದು ಫೋಟೋಗ್ರಾಫರ್ ಒಬ್ಬನೇ. ಇನ್ನು ಮೇಲೆ ಅಂಥ ಯಾವ ಕಾರ್ಯಕ್ರಮಕ್ಕೂ ನಾನು ಕೈ ಹಾಕುವುದಿಲ್ಲ. ನೀನು ಬಂದು ಕಾಲು ಹಿಡಿದರೂ ಇಲ್ಲ.

ಇಂತಿ,
ನಾಚಿಕೆಯಿಂದಲೂ ಸಿಟ್ಟಿನಿಂದಲೂ,
ವಿಜಯಾ

*

ದ ಹೇಗ್
೨ ಜುಲೈ ೨೦೨೦

ವಿಜಯಾ,

ಕಾಲು ಹಿಡಿಯಲು ನಾನು ಬರುವುದಿಲ್ಲ, ಬೆಸ್ಟ್ ತನಕ ರೈಲಿನಲ್ಲಿ ಮಾಸ್ಕ್ ಹಾಕಿಕೊಂಡು ಕೂರುವಷ್ಟು ಪುರುಸೊತ್ತಿಲ್ಲ.

ಅದು ಏಪ್ರಿಲ್. ಬಾಗಿಲ ಹಿಡಿ ಮುಟ್ಟಲೂ ಜನ ಹೆದರುತ್ತಿದ್ದರು. ನಾನೇ ಜ್ವರ ಬಂದು ಎಂಟು ದಿನ ಕೋಣೆಯೊಳಗೆ ಬಿದ್ದಿದ್ದೆ, ಕಟ್ಟಿಕೊಂಡ ಗಂಡ ಸುರೇಶರೇ ಊಟ ಬಾಗಿಲ ಬಳಿ ಇಟ್ಟು ಹೋಗುತ್ತಿದ್ದರು. ಎದ್ದ ಮೇಲೆ ಐವತ್ತಾರು ಮನೆಗೆ ದಿನಸಿ ತಲುಪಿಸಿದ್ದೇನೆ. ಅದನ್ನು ನೀನು ಎಣಿಸಿದೆಯಾ?

ವೇದಿಕೆ, ವೇದಿಕೆ ಎನ್ನುತ್ತೀಯಲ್ಲ, ೨೦೧೮ರಲ್ಲಿ ಎಲ್‌ಇಡಿ ಪರದೆ ಇಲ್ಲದಿದ್ದರೆ ಮಾನ ಹೋಗುತ್ತದೆ ಎಂದು ಹಟ ಹಿಡಿದವರು ಯಾರು? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೀನು ಎಂಟು ವರ್ಷ ಚೆನ್ನಾಗಿ ಕುಣಿದು ಈಗ ನೆಲ ಡೊಂಕು ಎನ್ನುತ್ತಿದ್ದೀಯ.

ಆ ಫೋನಿನ ವಿಷಯ ನನಗೆ ಗೊತ್ತಿಲ್ಲ.

ಅರ್ಧ ದಾರಿಯಲ್ಲಿ ಬಿಟ್ಟು ಹೋಗುವುದು ಸುಲಭ. ಹೋಗು. ಇನ್ನು ಕಾಗದ ಬರೆಯಬೇಡ.

ರಜನಿ

*

ಬೆಸ್ಟ್
೨೭ ಸೆಪ್ಟೆಂಬರ್ ೨೦೨೧

ರಜನಿ,

ಬರೆಯಬೇಡ ಎಂದಿದ್ದೆ. ಹದಿನಾಲ್ಕು ತಿಂಗಳು ನಿನ್ನ ಮಾತು ಕೇಳಿದೆ. ಈಗ ಸಾಕು. ನಾನು ನಿನ್ನೆ ಒಂದು ಮೂರ್ಖ ಕೆಲಸ ಮಾಡಿದ್ದೇನೆ. ಅದನ್ನು ಹೇಳಿ ಬೈಸಿಕೊಳ್ಳಲು ಈ ದೇಶದಲ್ಲಿ ನನಗೆ ನಿನ್ನ ಬಿಟ್ಟರೆ ಯಾರೂ ಇಲ್ಲ.

ಕಳೆದ ವರ್ಷದ ಬೇಸಿಗೆಯಿಂದ ಪ್ರಭಾ ಅವರನ್ನು ಹುಡುಕುತ್ತಿದ್ದೆ. ಆ ಸಹೋದ್ಯೋಗಿಗೆ ವಿಳಾಸ ಕೊಡಲು ಮನಸ್ಸಿರಲಿಲ್ಲ, ಅವರ ತಪ್ಪೂ ಇಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಮಾರ್ಚಿನಲ್ಲಿ ಸೂಪರ್ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಸೊಪ್ಪಿನ ಕುಂಡದ ಮುಂದೆ ಸಿಕ್ಕರು. ನನ್ನ ಮನೆಯಿಂದ ನಾಲ್ಕು ಬೀದಿ ಆಚೆ ಇದ್ದಾರೆ. ಐದು ವರ್ಷದಿಂದ ಅಲ್ಲೇ ಇದ್ದರಂತೆ. ನಾನು ಅವರನ್ನು ನೋಡಲು ವರ್ಷಕ್ಕೆರಡು ಸಲ, ಸಂಘದ ಹಬ್ಬಗಳಿಗೆ, ರೈಲು ಹತ್ತಿ ದ ಹೇಗ್‌ಗೆ ಬರುತ್ತಿದ್ದೆ, ನೋಡುತ್ತಲೂ ಇರಲಿಲ್ಲ.

ಸಿಕ್ಕಾಗ ಮಾತಾಡುತ್ತಾರೆ, ಆದರೆ ಮನೆ ಬಾಗಿಲು ತೆಗೆಯುವುದಿಲ್ಲ. ಕನ್ನಡದವರು ಯಾರೂ ಅವರ ಮನೆಯೊಳಗೆ ಕಾಲಿಟ್ಟಿಲ್ಲ. ಅವರನ್ನು ಮತ್ತೆ ನಾಲ್ಕು ಜನರ ಮಧ್ಯೆ ಕರೆತರದೆ ನಾನು ಬಿಡುವುದಿಲ್ಲ ಎಂದುಕೊಂಡೆ. ಶನಿವಾರ ಒಂದೂವರೆ ಮೀಟರಿನ ನಿಯಮ ಎತ್ತಿದರಲ್ಲ, ಭಾನುವಾರವೇ ಬಡಾವಣೆಯ ಸಮುದಾಯ ಭವನದಲ್ಲಿ ಇಪ್ಪತ್ತು ಜನರನ್ನು ಸೇರಿಸಿದೆ. ವೇದಿಕೆ ಇಲ್ಲ, ಮೈಕ್ ಇಲ್ಲ, ದುಂಡಗೆ ಕುರ್ಚಿ. ಪ್ರಭಾ ಬಂದರು. ನಾನು ಬೀಗಿಹೋದೆ.

ಆಫೀಸಿನಲ್ಲಿ ನಾನು ತಂಡಗಳಿಗೆ ತರಬೇತಿ ಕೊಡುವವಳು ಎಂಬುದು ನಿನಗೆ ಗೊತ್ತು. ಅಲ್ಲಿನ ರೋಗ ಇಲ್ಲಿಗೂ ತಂದೆ. ಜನ ಮನಸ್ಸು ಬಿಚ್ಚಿ ಮಾತಾಡಲೆಂದು ಬಣ್ಣದ ಚೀಟಿಗಳ ಮೇಲೆ ಒಂದೊಂದು ಪ್ರಶ್ನೆ ಬರೆದಿದ್ದೆ. ಒಬ್ಬೊಬ್ಬರು ಒಂದು ಚೀಟಿ ಎತ್ತಿ ಉತ್ತರ ಹೇಳಬೇಕು. ಪ್ರಭಾ ಎತ್ತಿದ ಚೀಟಿಯಲ್ಲಿ, 'ನಿಮ್ಮನ್ನು ಕೊನೆಯ ಸಲ ಹೊಟ್ಟೆ ತುಂಬ ನಗಿಸಿದವರು ಯಾರು?' ಎಂದಿತ್ತು.

ಅವರು ಅದನ್ನು ಎರಡು ಸಲ ಓದಿದರು. ಚೀಟಿಯನ್ನು ಕುರ್ಚಿಯ ಮೇಲೆ ಇಟ್ಟರು. ಕೋಟು ಹಾಕಿಕೊಂಡು ಸೈಕಲ್ ಹತ್ತಿ ಹೋದರು. ಉಳಿದ ಹತ್ತೊಂಬತ್ತು ಜನ ನನ್ನ ಮುಖ ನೋಡಿದರು. ಎಲ್ಲರೂ ಮುಖ ನೋಡಲಿ ಎಂದೇ ದುಂಡಗೆ ಕೂರಿಸಿದ್ದೆನಲ್ಲ.

ಬೈಯುವುದಿದ್ದರೆ ಬೈದು ಬರೆ.

ನಿನ್ನ,
ವಿಜಯಾ

*

ದ ಹೇಗ್
೯ ಅಕ್ಟೋಬರ್ ೨೦೨೧

ವಿಜಯಾ,

ದುಂಡಗೆ ಕೂರಿಸಿದ್ದು ಓದಿ ನಕ್ಕೆ. ಚೀಟಿಯ ವಿಷಯಕ್ಕೆ ಬಂದಾಗ ಕಾಗದ ಕೆಳಗಿಟ್ಟು ಬಾಲ್ಕನಿಗೆ ಹೋಗಿ ನಿಂತೆ. ಬೈಯಬೇಕು ಎನಿಸಲಿಲ್ಲ. ನೀನಿಲ್ಲದ ಸಂಘದಲ್ಲಿ ಜಗಳಕ್ಕೂ ಜನವಿಲ್ಲ, ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ.

ಈ ವರ್ಷ ನನ್ನನ್ನು ಅಧ್ಯಕ್ಷೆ ಮಾಡಿದ್ದಾರೆ. ನವೆಂಬರ್ ೨೦ಕ್ಕೆ ಇಲ್ಲಿ ರಾಜ್ಯೋತ್ಸವ. ಎರಡು ವರ್ಷದ ನಂತರ ಮೊದಲನೆಯದು, ಐನೂರು ಜನ. ವಾಪಸು ಬಾ. ರಾಜೀನಾಮೆಯ ಮಾತು ನಾನು ಮರೆತಿದ್ದೇನೆ, ಕಮಿಟಿಯವರಿಗೂ ಮರೆಯಲು ಹೇಳುತ್ತೇನೆ.

ಇನ್ನೊಂದು ಮಾತು. ಪ್ರಭಾ ಅವರಿಗೆ ಅಂದು ಸನ್ಮಾನ ಮಾಡೋಣವೆಂದಿದ್ದೇವೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಅನಂತರಾಮರ ಚಿತ್ರ ಪರದೆಯ ಮೇಲೆ, ಎರಡು ನಿಮಿಷ ಮೌನ. ಖಜಾಂಚಿ ಬಸವಂತಪ್ಪನವರು ನಾಲ್ಕು ಮಾತಾಡುತ್ತಾರೆ. ನಮ್ಮಿಂದ ಆದ ತಪ್ಪಿಗೆ ಇಷ್ಟಾದರೂ ಆಗಬೇಡವೇ? ನೀನು ಅವರನ್ನು ಒಪ್ಪಿಸಬೇಕು.

ರಜನಿ

*

ಬೆಸ್ಟ್
೧೫ ಅಕ್ಟೋಬರ್ ೨೦೨೧

ರಜನಿ,

ಒಪ್ಪಿಸುವುದಿಲ್ಲ. ಅವರು ಒಪ್ಪಿದರೂ ನಾನು ಬಿಡುವುದಿಲ್ಲ. ಐನೂರು ಜನರ ಮುಂದೆ ಆ ಹೆಂಗಸನ್ನು ನಿಲ್ಲಿಸಿ, ಅಂದು ಬಾರದವರ ಕೈಯಿಂದ ಶಾಲು ಹೊದಿಸಿ, ಫೋಟೋ ತೆಗೆಸಿ ಕಳಿಸುತ್ತೀರಿ. ಅವರು ಶಾಲು ಮಡಿಚಿಕೊಂಡು ಒಬ್ಬರೇ ರೈಲು ಹತ್ತುತ್ತಾರೆ. ಗಾಯಕ್ಕೆ ಉಪ್ಪು ಸವರುವುದಕ್ಕೂ ಒಂದು ಮಿತಿ ಇರಬೇಕು.

ಚೀಟಿ ಪ್ರಸಂಗದ ಮಾರನೇ ವಾರ ಅವರ ಮನೆಗೆ ಹೋಗಿ ತಪ್ಪಾಯಿತೆಂದೆ. ಬಾಗಿಲಲ್ಲೇ ನಿಂತು ಕೇಳಿದರು, ಸಿಟ್ಟಾಗಲಿಲ್ಲ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನಿನ್ನ ಕಮಿಟಿಗೂ ಓದಿ ಹೇಳು.

"ಎಲ್ಲಾರೂ ನನಗ ಹೆಂಗಿದ್ದೀರಿ ಅಂತ ಕೇಳ್ತಾರ. ನನ್ನ ಕಡೆಯಿಂದ ಏನರ ಬೇಕಾಗೇದ ಅಂತ ಒಬ್ಬರೂ ಕೇಳೂದಿಲ್ಲ. ಏನರ ಕೆಲಸ ಇದ್ರ ಕೊಡ್ರಿ, ಬರ್ತೀನಿ. ಬರೇ ಸಮಾಧಾನ ಹೇಳಿಸ್ಕೊಳ್ಳಿಕ್ಕೆ ನಾ ಬರೂದಿಲ್ಲ."

ಆಫೀಸಿನವರು ನನ್ನನ್ನು ಎಷ್ಟೋ ಊರಿಗೆ ತರಬೇತಿಗೆ ಕಳಿಸಿದ್ದಾರೆ. ಅಲ್ಲೆಲ್ಲೂ ಕಲಿಯದ್ದು ಆ ಬಾಗಿಲಲ್ಲಿ ಕಲಿತೆ. ಜನರನ್ನು ಅತಿಥಿಗಳಾಗಿ ಕರೆದರೆ ಬಂದು ತಿಂದು ಹೋಗುತ್ತಾರೆ. ನೀವಿಲ್ಲದಿದ್ದರೆ ಈ ಕೆಲಸ ಆಗುವುದಿಲ್ಲ ಎಂದು ಕರೆಯಬೇಕು, ಆ ಮಾತು ನಿಜವೂ ಆಗಿರಬೇಕು.

ಹಾಗಾಗಿ ನವೆಂಬರ್ ೨೧ರ ಭಾನುವಾರ ನನ್ನದೂ ಒಂದು ರಾಜ್ಯೋತ್ಸವವಿದೆ. ನಿನ್ನದರ ಮಾರನೇ ದಿನ, ಬೇಕೆಂದೇ. ಅದೇ ಸಮುದಾಯ ಭವನದ ಅಡುಗೆಮನೆಯಲ್ಲಿ ನಲವತ್ತು ಜನ. ಹೋಳಿಗೆ. ಆದರೆ ಯಾರೂ ಹೋಳಿಗೆ ತರಕೂಡದು. ಅರ್ಧ ಮನೆಗಳವರು ಬರೀ ಕಣಕ ತರಬೇಕು, ಉಳಿದವರು ಬರೀ ಹೂರಣ. ಕಣಕದವರು ಹೂರಣದವರನ್ನು ಹುಡುಕಿಕೊಳ್ಳದೆ ಯಾರ ಹೊಟ್ಟೆಗೂ ಏನೂ ಬೀಳುವುದಿಲ್ಲ. ಭಾಷಣ ಮಾಡುವವರಿಗೆ ಲಟ್ಟಣಿಗೆ ಕೊಡುತ್ತೇನೆ.

ಸುದ್ದಿ ಹೋದ ಕೂಡಲೇ ಜಗಳ ಶುರುವಾಗಿದೆ. ಹೂರಣಕ್ಕೆ ತೊಗರಿಬೇಳೆ ಎಂದು ಮೈಸೂರಿನವರು, ಕಡಲೆಬೇಳೆ ಬಿಟ್ಟರೆ ಅದು ಹೂರಣವೇ ಅಲ್ಲ ಎಂದು ಧಾರವಾಡದವರು. ನಾವು ಎಣ್ಣೆ ಹಚ್ಚಿ ಕೈಯಲ್ಲಿ ತಟ್ಟುವವರು, ಅವರು ಹಿಟ್ಟು ಉದುರಿಸಿ ಲಟ್ಟಿಸುವವರು. ಎಂಟು ವರ್ಷ ಒಬ್ಬರಿಗೊಬ್ಬರು ನಮಸ್ಕಾರ ಹೇಳದವರು ಈಗ ಫೋನ್ ಮಾಡಿ ಜಗಳವಾಡುತ್ತಿದ್ದಾರೆ. ಪ್ರಭಾ ಹತ್ತು ಮನೆಗಾಗುವಷ್ಟು ಹೂರಣ ತಾನೇ ರುಬ್ಬುತ್ತೇನೆ ಎಂದಿದ್ದಾರೆ.

ಶಾಲು ನಿನ್ನ ಬಳಿಯೇ ಇರಲಿ.

ವಿಜಯಾ

*

ದ ಹೇಗ್
೧೩ ನವೆಂಬರ್ ೨೦೨೧

ವಿಜಯಾ,

ನಿನ್ನೆ ಸಂಜೆ ಪ್ರಧಾನಿಯ ಪತ್ರಿಕಾಗೋಷ್ಠಿ ನೋಡಿರುತ್ತೀಯ. ಮತ್ತೆ ಕಟ್ಟುಪಾಡು. ಕುರ್ಚಿಗೆ ನಂಬರ್ ಹಾಕಿ, ಎಲ್ಲರನ್ನೂ ಕೂರಿಸಿ, ಸಂಜೆ ಆರರೊಳಗೆ ಮುಗಿಸಿದರೆ ನನ್ನ ಕಾರ್ಯಕ್ರಮ ನಡೆಸಬಹುದು ಎಂದು ಸಭಾಂಗಣದವರು ಹೇಳಿದರು. ನಿನ್ನ ಸಮುದಾಯ ಭವನದವರು ಜನ ಓಡಾಡುವ ಯಾವುದನ್ನೂ ಬಿಡುವುದಿಲ್ಲವಂತೆ. ಮನೆಗಾದರೆ ದಿನಕ್ಕೆ ನಾಲ್ವರು ಅತಿಥಿಗಳು. ಸರ್ಕಾರವೂ ವೇದಿಕೆಯ ಪಕ್ಷ ಸೇರಿತು ಎಂದು ನಿನ್ನನ್ನು ಕೆಣಕಲೆಂದೇ ಕಾಗದ ಹಿಡಿದೆ. ಆದರೆ ಬರೆಯಬೇಕಾದದ್ದು ಬೇರೆ ಇದೆ.

ಆ ಫೋನ್ ನನ್ನ ಬಳಿ ಇತ್ತು.

ಕಾರ್ಯಕ್ರಮಗಳಿಗೆಂದು ಇಟ್ಟಿದ್ದ ಹಳೆಯ ಫೋನ್. ಯುಗಾದಿ ರದ್ದಾದ ಮೇಲೆ ದಿನಕ್ಕೆ ಐವತ್ತು ಕರೆ ಬರುತ್ತಿದ್ದವು. ಏಪ್ರಿಲ್‌ನಲ್ಲಿ ನನಗೆ ಜ್ವರ ಬರುವುದಕ್ಕೆ ಮೊದಲು, ಒಂದೇ ನಂಬರಿನಿಂದ ಮತ್ತೆ ಮತ್ತೆ ಕರೆ ಬಂತು. ಇವರೂ ಯುಗಾದಿ ಮುಂದಕ್ಕೆ ಹೋಯಿತೇ ಎಂದು ಕೇಳುವವರೇ ಎಂದುಕೊಂಡೆ. ರೇಗಿಹೋಗಿ ಫೋನ್ ಆರಿಸಿ ಡ್ರಾಯರಿಗೆ ಹಾಕಿದೆ. ನಿನ್ನ ಮೊದಲ ಕಾಗದ ಬಂದ ದಿನ ತೆಗೆದು ನೋಡಿದೆ. ಸದಸ್ಯರ ಪಟ್ಟಿಯಲ್ಲಿ ಹುಡುಕಿದರೆ ಅದು ಪ್ರಭಾ ಅವರ ನಂಬರೇ. ಆಮೇಲೂ ನನಗೆ ಗೊತ್ತಿಲ್ಲ ಎಂದೇ ನಿನಗೆ ಬರೆದೆ.

ಶಾಲು ಹೊದಿಸಿದರೆ ನನ್ನ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದೆ ಕಣೇ. ಈ ವಿಷಯ ಸುರೇಶರಿಗೂ ಹೇಳಿಲ್ಲ.

ರಜನಿ

*

ಬೆಸ್ಟ್
೧೬ ನವೆಂಬರ್ ೨೦೨೧

ರಜನಿ,

ನಿನ್ನ ಕಾಗದ ಓದಿ ಮೊದಲು ತಟ್ಟೆ ಒಡೆಯುವಷ್ಟು ಸಿಟ್ಟು ಬಂತು. ಆಮೇಲೆ ಅಳು ಬಂತು. ಆ ದಿನ ಫೋನ್ ನನ್ನ ಬಳಿ ಇದ್ದಿದ್ದರೆ ನಾನೂ ಆರಿಸುತ್ತಿದ್ದೆನೇನೋ. ಆದರೆ ನಿನ್ನನ್ನು ಕ್ಷಮಿಸಲು ನಾನ್ಯಾರು? ಹೇಳಬೇಕಾದವರಿಗೆ ಹೋಗಿ ಹೇಳು. ಮೈಕಿನಲ್ಲಿ ಅಲ್ಲ.

ಭವನದವರು ಆಗುವುದಿಲ್ಲ ಎಂದರು. ಆಗಲಿ. ಸಂಜೆಯೊಳಗೆ ಎಂಟು ಮನೆಗಳ ಬಾಗಿಲು ತೆಗೆಸಿದ್ದೇನೆ. ಮನೆಗೆ ನಾಲ್ವರು ಎಂದು ನಿಯಮವಿದ್ದರೆ ಮನೆಗೆ ನಾಲ್ವರೇ. ಎಂಟು ಮನೆಯವರು ಹೂರಣ ಇಟ್ಟುಕೊಂಡು ಕಾಯುತ್ತಾರೆ. ಕಣಕದವರು ಸೈಕಲ್ ಮೇಲೆ ಡಬ್ಬಿ ಕಟ್ಟಿಕೊಂಡು ಹೋಗುತ್ತಾರೆ. ಯಾರು ಯಾರ ಮನೆಗೆ ಎಂದು ನಾನೇ ಹಂಚಿದ್ದೇನೆ, ಒಬ್ಬರೂ ಪರಿಚಯದವರ ಮನೆಗೆ ಹೋಗುವಂತಿಲ್ಲ. ಒಂದು ನಿಯಮವನ್ನೂ ಮುರಿದಿಲ್ಲ, ಒಬ್ಬರನ್ನೂ ಬಿಟ್ಟಿಲ್ಲ. ಯಾವ ಪ್ರಧಾನಿ ಬಂದು ತಡೆಯುತ್ತಾನೋ ನೋಡುತ್ತೇನೆ.

ಎಂಟನೇ ಮನೆ ಪ್ರಭಾ ಅವರದು. ನಮ್ಮನೆಗೂ ಜನ ಬರಲಿ ಎಂದು ಅವರಾಗಿಯೇ ಹೇಳಿದರು. ಅಲ್ಲಿಗೆ ಮೂವರನ್ನು ಹಾಕಿದ್ದೇನೆ. ನಾಲ್ಕನೆಯ ಜಾಗ ಖಾಲಿ ಇದೆ. ಬರುವುದಾದರೆ ಕಣಕ ನಾದಿಕೊಂಡು ಬಾ, ಅಧ್ಯಕ್ಷೆಯಾಗಿ ಬರಬೇಡ. ಬಾರದಿದ್ದರೆ ಅವರ ಹೂರಣ ಉಳಿಯುತ್ತದೆ, ಅಷ್ಟೇ.

ವಿಜಯಾ

*

ದ ಹೇಗ್
೨೩ ನವೆಂಬರ್ ೨೦೨೧

ವಿಜಯಾ,

ಭಾನುವಾರ ನೀನು ನಿನ್ನ ಪಾಲಿನ ಮನೆಯಲ್ಲಿದ್ದೆ, ಆದ್ದರಿಂದ ಪ್ರಭಾ ಅವರ ಮನೆಯಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ.

ಶನಿವಾರದ್ದು ಮುಗಿಯಿತು. ಸನ್ಮಾನ ತೆಗೆದುಹಾಕಿಸಿದೆ. ಬಸವಂತಪ್ಪನವರು ಎರಡು ದಿನ ಮುಖ ತಿರುಗಿಸಿಕೊಂಡಿದ್ದರು, ತಿರುಗಿಸಿಕೊಳ್ಳಲಿ. ಅರ್ಧ ಕುರ್ಚಿ ಖಾಲಿ, ಉಳಿದರ್ಧದಲ್ಲಿ ಮಾಸ್ಕುಗಳು. ಮಾತಾಡುತ್ತಾ ನನಗೇ ಬೇಸರ ಬಂದು ಎರಡು ಪುಟ ಬಿಟ್ಟು ಓದಿದೆ. ಯಾರಿಗೂ ತಿಳಿಯಲಿಲ್ಲ.

ಮಾರನೇ ಬೆಳಿಗ್ಗೆ ಎದ್ದು ಕಣಕ ನಾದಿ ರೈಲು ಹತ್ತಿದೆ. ಪ್ರಭಾ ಬಾಗಿಲು ತೆಗೆದು ಮೊದಲು ನೋಡಿದ್ದು ನನ್ನ ಡಬ್ಬಿಯನ್ನು. ಬೆರಳಿಂದ ಒತ್ತಿ, ಇಷ್ಟು ಮೆತ್ತಗಿದ್ದರೆ ಲಟ್ಟಿಸುವುದು ಹೇಗೆ ಎಂದರು. ನಮ್ಮದು ತಟ್ಟುವ ಕಣಕ ಎಂದೆ. ಉಳಿದ ಮೂವರು ಅದಾಗಲೇ ಎರಡು ಪಕ್ಷವಾಗಿದ್ದರು. ಹಾರ್ಲೆಮ್‌ನಿಂದ ಬಂದಿದ್ದ ತನುಶ್ರೀ, ಸಂಶೋಧನೆ ಮಾಡುವ ಹುಡುಗಿ, ಇದುವರೆಗೆ ಒಲೆ ಹಚ್ಚಿಯೇ ಇಲ್ಲವಂತೆ. ಅವಳ ಮೊದಲ ಹೋಳಿಗೆ ಕಾವಲಿಗೆ ಅಂಟಿತು. ಪ್ರಭಾ ಜೋರಾಗಿ ನಕ್ಕರು. ನಕ್ಕದ್ದನ್ನು ಯಾಕೆ ಬರೆಯುತ್ತಿದ್ದೇನೆ ಎಂದು ನಿನಗೆ ಗೊತ್ತು.

ಉಳಿದವರು ಹೊರಕೋಣೆಯಲ್ಲಿ ತಿನ್ನಲು ಕೂತಾಗ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಹೇಳಿಬಿಟ್ಟೆ. ಡ್ರಾಯರಿನ ತನಕ ಎಲ್ಲವನ್ನೂ. ಅವರ ಕೈ ನಿಂತಿತು.

"ಹನ್ನೊಂದ ಸರ್ತಿ ಫೋನ್ ಹಚ್ಚಿದ್ದೆ," ಎಂದರು. "ಪಾಪ, ಎಲ್ಲೋ ಕೆಲಸದಾಗ ಇರಬೇಕು ಅಂತ ಪ್ರತಿ ಸರ್ತಿ ನಾನ ನಿಮ್ಮ ಪರವಾಗಿ ಹೇಳ್ಕೊಂಡೆ."

ಕ್ಷಮಿಸಿ ಎಂದೆ.

"ಅದು ನನಗ ಆಗೂದಿಲ್ಲ, ರಜನಿಯವರ. ಸುಳ್ಳ ಯಾಕ ಹೇಳ್ಲಿ. ಕಣಕ ಒಣಗ್ಲಿಕತ್ತದ, ನೀವು ತಟ್ರಿ."

ತಟ್ಟಿದೆ. ಇಪ್ಪತ್ತೆರಡು ಹೋಳಿಗೆ, ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಹೊರಡುವಾಗ ಅವರು ಕೋಟಿನ ತೋಳು ಹಿಡಿದು ನಿಲ್ಲಿಸಿ, ನಿಮ್ಮೂರಿನಲ್ಲಿ ಸಮುದ್ರವಿದೆಯಲ್ಲವೇ ಎಂದು ಕೇಳಿದರು. ಅನಂತರಾಮರ ಅಸ್ಥಿ ಇನ್ನೂ ಮನೆಯಲ್ಲೇ ಇದೆ ವಿಜಯಾ. ಊರಿಗೆ ಒಯ್ಯಲು ಆಗ ವಿಮಾನ ಇರಲಿಲ್ಲ, ಆಮೇಲೆ ಒಬ್ಬರೇ ಹೋಗಲು ಮನಸ್ಸು ಬರಲಿಲ್ಲ. ಒಂದೂವರೆ ವರ್ಷ. ದೋಣಿ ಗೊತ್ತು ಮಾಡಿಕೊಡುತ್ತೀರಾ ಎಂದು ಕೇಳಿದರು. ನನ್ನನ್ನು ಕೇಳಿದರು.

ಗೊತ್ತು ಮಾಡಿದ್ದೇನೆ. ಡಿಸೆಂಬರ್ ೫, ಭಾನುವಾರ, ಬೆಳಿಗ್ಗೆ ಹತ್ತೂವರೆ, ನಮ್ಮೂರಿನ ಸ್ಖೇವನಿಂಗೆನ್ ಬಂದರಿನಲ್ಲಿ. ಈ ಕೆಲಸಕ್ಕೆಂದೇ ಇರುವ ಸಣ್ಣ ದೋಣಿ, ಹನ್ನೆರಡು ಜನ ಹಿಡಿಸುತ್ತಾರೆ. ಉಳಿದವರು ದಡದಲ್ಲಿ ನಿಲ್ಲುತ್ತಾರೆ, ದೂರ ದೂರ ನಿಲ್ಲಬೇಕಾದರೆ ಹಾಗೇ ನಿಲ್ಲುತ್ತಾರೆ. ಗುಂಪಿನಲ್ಲಿ ಹಾಕಿಲ್ಲ, ಹಾಕುವುದೂ ಇಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿ, ಬರುತ್ತೀರೋ ಇಲ್ಲವೋ ಎಂದಷ್ಟೇ ಕೇಳುತ್ತಿದ್ದೇನೆ. ಇದು ಸಂಘದ ಅಧಿಕೃತ ಕಾರ್ಯಕ್ರಮವೇ ಎಂದು ಬಸವಂತಪ್ಪನವರು ಕೇಳಿದರು. ಅಲ್ಲ ಎಂದೆ. ಎಷ್ಟು ಗಂಟೆಗೆ ಎಂದರು.

ನಾನು ಅಧ್ಯಕ್ಷೆಯಾಗಿಯೇ ಇರುತ್ತೇನೆ. ತಪ್ಪು ಮಾಡಿದ ಕಡೆಯೇ ಕೂತು ಸರಿ ಮಾಡುತ್ತೇನೆ. ಎದ್ದುಹೋಗುವುದು ನಿನ್ನ ಅಭ್ಯಾಸ, ನನ್ನದಲ್ಲ. ಜನವರಿಯಲ್ಲಿ ಕಮಿಟಿಯ ಸಭೆಗೆ ಬಂದು ನನ್ನ ಪಕ್ಕದಲ್ಲಿ ಕೂತು ಜಗಳವಾಡು.

ನಿನ್ನ ಕಡೆಯ ಊರುಗಳವರಿಗೆ ನೀನು ಫೋನ್ ಮಾಡು. ಗಾಳಿ ಜೋರಿರುತ್ತದೆ, ಬೆಚ್ಚಗೆ ಬಾ. ದೋಣಿಯಲ್ಲಿ ಪ್ರಭಾ ನನ್ನ ಪಕ್ಕ ಕೂರುತ್ತಾರಂತೆ. ಕ್ಷಮಿಸಿದಿರಾ ಎಂದು ನಿನ್ನೆ ಫೋನಿನಲ್ಲಿ ಮತ್ತೆ ಕೇಳಿದೆ, ಮೂರ್ಖಿ. ಇಲ್ಲ ಎಂದರು. ನನಗೆ ದೋಣಿ ಎಂದರೆ ಭಯ, ನೀವು ಕೈ ಹಿಡಿದುಕೊಳ್ಳಬೇಕು ಎಂದರು.

ನಿನ್ನ,
ರಜನಿ